ಧಮನಿಯ ಉಬ್ಬು: ಅದರ ಅಪಾಯವೂ ಚಿಕಿತ್ಸೆಯೂ

ತೋಟಕ್ಕೆ ನೀರೂಡುವ ರಬ್ಬರು ಕೊಳವೆಯನ್ನು ನಮ್ಮ ವಜ್ರಳ್ಳಿಯ ಕಡೆಯ ಗೃಹಸ್ಥರೆಲ್ಲ ಬಲ್ಲರು. ಸವೆದ ಒಂದೆಡೆಯಲ್ಲಿ ಅದು ಉಬ್ಬಿಕೊಳ್ಳುವುದು. ನೀರು ಎಂದಿನಂತೆ ಹರಿಯುತ್ತಲೇ ಇರುವುದು. ಒಂದು ದಿನ ಹಠಾತ್ತಾಗಿ ಒಡೆಯುವುದು. ಮನುಷ್ಯನ ಧಮನಿಗಳಿಗೂ ಇಂಥ ವಿಪತ್ತುಂಟು. ರಕ್ತನಾಳದ ಗೋಡೆಯು ದುರ್ಬಲವಾದಲ್ಲಿ ರಕ್ತದ ಒತ್ತಡಕ್ಕೆ ಹಿಗ್ಗಿ ಚೀಲದಂತಾಗುವುದನ್ನು ವೈದ್ಯರು ಅನ್ಯೂರಿಸಂ ಎನ್ನುವರು.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಹೇಳಿರುವ ‘ಸಿರಾಜ ಗ್ರಂಥಿ’ಯು ಇದೇ ರೋಗವೆಂದು ಕೆಲವರ ಅಭಿಪ್ರಾಯ. ನೋವಿಲ್ಲದ, ಕದಲದ, ಮರ್ಮಸ್ಥಾನದಲ್ಲೆದ್ದ ದೊಡ್ಡ ಗ್ರಂಥಿಯು ಚಿಕಿತ್ಸೆಗೆ ವರ್ಜ್ಯವೆಂದು ಅಲ್ಲಿದೆ. ಅದು ಇಂದು ವರ್ಜ್ಯವಲ್ಲ. ಆದರೆ ನೋವಿಲ್ಲವೆಂದು ನಿಶ್ಚಿಂತರಾಗಿರಬಾರದೆಂಬುದು ಇಂದಿಗೂ ದಿಟ.

ಉದರದ ಮಹಾಧಮನಿಯ ವ್ಯಾಸವು ಸಾಮಾನ್ಯವಾಗಿ 2 ಸೆಂಟಿಮೀಟರಿನಷ್ಟು. 3 ಆದರೆ ಅದನ್ನು ಉಬ್ಬೆಂದು ಗಣಿಸುವರು. ಸಣ್ಣದಿದ್ದಾಗ ಕಾಲಕಾಲಕ್ಕೆ ಅಳೆದು ನೋಡುತ್ತಿದ್ದರೆ ಸಾಕು, ಪುರುಷರಲ್ಲಿ 5.5, ಸ್ತ್ರೀಯರಲ್ಲಿ 5 ಮುಟ್ಟಿದರೆ ಶಸ್ತ್ರಚಿಕಿತ್ಸೆಯನ್ನು ಆಲೋಚಿಸುವರು. ಬೀಡಿ ಸಿಗರೇಟುಗಳೇ ಇದರ ಪ್ರಬಲ ಕಾರಣ. ವೃದ್ಧಾಪ್ಯ, ರಕ್ತದೊತ್ತಡ, ವಂಶದ ದೋಷ ಇವೂ ಸೇರುವುವು.

ವಿಜ್ಞಾನಿ ಐನ್‌ಸ್ಟೈನರಿಗೆ ಈ ರೋಗವಿತ್ತು. 1948ರಲ್ಲಿ ಶಸ್ತ್ರವೈದ್ಯ ನಿಸ್ಸೆನ್ನರು ಆ ಉಬ್ಬಿಗೆ ಸೆಲ್ಲೋಫೇನ್ ಹಾಳೆಯನ್ನು ಸುತ್ತಿದರು. ಅಂದಿಗೆ ಅಷ್ಟೇ ಸಾಧ್ಯವಿತ್ತು. 1955ರಲ್ಲಿ ಅದು ಒಡೆದು ಅವರು ತೀರಿಕೊಂಡರು. ಅಷ್ಟರೊಳಗೆ, 1951ರಲ್ಲಿಯೇ, ಪ್ಯಾರಿಸಿನ ದ್ಯುಬೊ ಎಂಬವರು ಕೆಟ್ಟ ಭಾಗವನ್ನು ಕತ್ತರಿಸಿ ಬೇರೆ ನಾಳವನ್ನು ಜೋಡಿಸಿದ್ದರು. 1990ರಿಂದೀಚೆಗೆ ಹೊಟ್ಟೆಯನ್ನು ಕೊಯ್ಯದೆ, ತೊಡೆಯ ಧಮನಿಯ ಮೂಲಕವೇ ಬಟ್ಟೆ ಹೊದಿಸಿದ ಲೋಹದ ಜಾಲರಿಯನ್ನು ಒಳಗೆ ನಿಲ್ಲಿಸುವ ಕ್ರಮವೂ ಬಂದಿದೆ. ಮಿದುಳಿನ ಉಬ್ಬಾದರೆ ಅದರ ಬುಡಕ್ಕೆ ಲೋಹದ ಚಿಮಟಿ ಹಾಕುವರು, ಇಲ್ಲವೆ ಪ್ಲಾಟಿನಂ ತಂತಿಯ ಸುರುಳಿಯನ್ನು ಒಳಗೆ ತುಂಬುವರು.

ಇವೆಲ್ಲ ಒಡೆಯುವ ಮೊದಲೇ ಆದರೆ ಕ್ಷೇಮ. ಹೊಟ್ಟೆ ಅಥವಾ ಬೆನ್ನಿನಲ್ಲಿ ಒಮ್ಮೆಗೇ ತೀವ್ರ ನೋವು, ತಣ್ಣನೆಯ ಬೆವರು, ಮೂರ್ಛೆ. ಅಥವಾ ಹಿಂದೆಂದೂ ಕಾಣದಂಥ ತಲೆಸಿಡಿತ, ವಾಂತಿ, ಕುತ್ತಿಗೆ ಸೆಟೆಯುವುದು ಇವು ಒಡೆದುದರ ಲಕ್ಷಣಗಳಾಗಿರಬಹುದು. ಆಗ ಎಣ್ಣೆ ತಿಕ್ಕುತ್ತ, ಕಷಾಯ ಕಾಸುತ್ತ ಕೂರಲಾಗದು. ಕೂಡಲೇ 108ಕ್ಕೆ ಕರೆಮಾಡಬೇಕು. ಆದರೆ ವಜ್ರಳ್ಳಿಯಿಂದ ಯಲ್ಲಾಪುರ, ಅಲ್ಲಿಂದ ಹುಬ್ಬಳ್ಳಿಗೆ ಮತ್ತೆ ಸುಮಾರು 70 ಕಿಲೋಮೀಟರು. ಒಡೆದ ಧಮನಿಯು ಅಷ್ಟು ಹೊತ್ತು ಕಾಯುವುದು ಅಪರೂಪ.

ಆದಕಾರಣ ಅರುವತ್ತೈದು ದಾಟಿದ, ಎಂದಾದರೂ ಬೀಡಿ ಸಿಗರೇಟು ಸೇದಿದ ಹಿರಿಯರು ಮನೆಯಲ್ಲಿದ್ದರೆ, ಪೇಟೆಗೆ ಹೋದಾಗ ವೈದ್ಯರನ್ನು ಕೇಳಿ ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿರಿ. ಈ ರೋಗವಿದ್ದವರ ಒಡಹುಟ್ಟಿದವರೂ ಮಕ್ಕಳೂ ವೈದ್ಯರಲ್ಲಿ ವಿಚಾರಿಸುವುದು ಲೇಸು. ಆ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಹಿಡಿಯುವುದು ಕೆಲವೇ ನಿಮಿಷ. ಬೀಡಿಯನ್ನು ಬಿಡುವುದಕ್ಕಂತೂ ಪೇಟೆಗೆ ಹೋಗಬೇಕಾದುದೂ ಇಲ್ಲ.