ಶಾಲು ಹೊದಿಸಿದವರು ಯಾರು?

2022ರ ಫೆಬ್ರವರಿ 8ರಂದು ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ನಡೆದದ್ದನ್ನು ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ. ಬುರ್ಖಾ ತೊಟ್ಟ ಹುಡುಗಿ ಸ್ಕೂಟರ್ ನಿಲ್ಲಿಸಿ ಬರುತ್ತಾಳೆ. ಕೇಸರಿ ಶಾಲಿನ ಹುಡುಗರು 'ಜೈ ಶ್ರೀರಾಮ್' ಎನ್ನುತ್ತಾ ಬೆನ್ನು ಹತ್ತುತ್ತಾರೆ. ಅವಳು 'ಅಲ್ಲಾಹು ಅಕ್ಬರ್' ಎಂದು ತಿರುಗಿ ಕೂಗುತ್ತಾಳೆ. ಕಾಲೇಜಿನ ಸಿಬ್ಬಂದಿ ಬಂದು ಅವಳನ್ನು ಒಳಗೆ ಕರೆದೊಯ್ಯುತ್ತಾರೆ. ನಾನು ಮಳವಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜವಿಜ್ಞಾನ ಕಲಿಸುತ್ತೇನೆ. (ಇನ್ನೂ ಸೇವೆಯಲ್ಲಿದ್ದೇನೆ, ಶಾಲೆಯ ಹೆಸರು ಬೇಡ.) ಆ ವಿಡಿಯೋದಲ್ಲಿ ನಾನು ಹುಡುಗರ ಮುಖಗಳನ್ನೇ ನೋಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿ ಇನ್ನೂ ಬಹಳ ವರ್ಷ ಆಗಿರದ ಮುಖಗಳು. ಆ ಶಾಲುಗಳಿಗೆಲ್ಲ ದುಡ್ಡು ಕೊಟ್ಟವರು ಯಾರು ಎಂಬುದು ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ.

ಎರಡು ತಿಂಗಳಲ್ಲಿ, ಏಪ್ರಿಲ್‌ನಲ್ಲಿ, ಅಲ್ ಖೈದಾ ಮುಖ್ಯಸ್ಥ ಅಯ್ಮನ್ ಅಲ್ ಜವಾಹಿರಿ ಆ ಹುಡುಗಿಯನ್ನು ಹೊಗಳಿ ವಿಡಿಯೋ ಬಿಟ್ಟ. ಅವಳ ತಂದೆ ಆ ಹೊಗಳಿಕೆ ತಮಗೆ ಬೇಡವೆಂದರು, ತಾವಿಲ್ಲಿ ನೆಮ್ಮದಿಯಿಂದಿದ್ದೇವೆ ಎಂದರು. ಎಲ್ಲಿಯ ಮಂಡ್ಯ, ಎಲ್ಲಿಯ ಜವಾಹಿರಿ! ಮಕ್ಕಳ ಅರೆನಿಮಿಷದ ಸಿಟ್ಟಿಗೆ ದೊಡ್ಡವರು ಎಷ್ಟು ದೂರದಿಂದಾದರೂ ಕೈ ಚಾಚುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆಮೇಲೆ 2024ರ ಜನವರಿಯಲ್ಲಿ ಕೆರಗೋಡಿನ 108 ಅಡಿ ಕಂಬದ ಹನುಮಧ್ವಜದ ಗಲಾಟೆ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಾಗಮಂಗಲದ ಗಣೇಶ ಮೆರವಣಿಗೆಯ ಗಲಭೆ, 2025ರ ಸೆಪ್ಟೆಂಬರ್‌ನಲ್ಲಿ ಮದ್ದೂರಿನ ಕಲ್ಲು ತೂರಾಟ. ಪ್ರತಿ ಸಲವೂ ಮಾರನೇ ದಿನ ತರಗತಿಯಲ್ಲಿ ಒಂದು ಬೆಂಚು ಬದಲಾಗಿರುತ್ತದೆ. ಐದನೇ ಕ್ಲಾಸಿನಿಂದ ಪಕ್ಕ ಪಕ್ಕ ಕೂತವರು ಬೇರೆ ಬೇರೆ ಕೂರುತ್ತಾರೆ. ಕುಂಕುಮ ಇಟ್ಟುಕೊಂಡ, ಟೋಪಿ ಹಾಕಿಕೊಂಡ ಎಂದು ನಾನು ಚಿಂತೆ ಮಾಡುವುದಿಲ್ಲ, ಅದು ಅವರವರ ಮನೆಯದು. ನಾನು ನೋಡುವುದು ಬೆಂಚನ್ನು, ಹುಡುಗನ ಬಾಯಲ್ಲಿ ಇದ್ದಕ್ಕಿದ್ದಂತೆ ಬರುವ, ಅವನದಲ್ಲದ ಭಾಷಣದ ಮಾತನ್ನು, ಗೇಟಿನ ಹತ್ತಿರ ಬೈಕಿನಲ್ಲಿ ಕಾಯುವ 'ಅಣ್ಣ'ನನ್ನು. ಈ ಅಣ್ಣಂದಿರು ಎರಡೂ ಕಡೆ ಇದ್ದಾರೆ.

ಅಂಥ ಅಣ್ಣಂದಿರ ಹಿಂದೆ ತಿರುಗುವ ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ಕೂರಿಸಿಕೊಂಡು ಕೇಳಿದೆ, "ಅಲ್ಲೇನ್ಲಾ ಕೊಡ್ತಾರೆ ನಿಂಗೆ?" ಬಿರಿಯಾನಿ, ಟೀ ಶರ್ಟು ಅಂತಾನೇನೋ ಅಂದುಕೊಂಡಿದ್ದೆ. "ಏನೂ ಇಲ್ಲ ಸಾ, ಹೆಸ್ರಿಡಿದು ಕರೀತಾರೆ" ಅಂದ. ಅವನ ತಾಯಿ ಬೆಳಿಗ್ಗೆ ಬೇಗ ಗೆಜ್ಜಲಗೆರೆ ಕಡೆಯ ಗಾರ್ಮೆಂಟ್ಸ್ ಬಸ್ ಹತ್ತಿದರೆ ಮನೆ ಸೇರುವುದು ಕತ್ತಲಾದ ಮೇಲೆ. ತಂದೆ ಬೆಂಗಳೂರಿನಲ್ಲಿ. ಸಿದ್ಧಾಂತ, ಧರ್ಮ ಎಲ್ಲ ಆಮೇಲೆ ಬರುತ್ತವೆ. ಮೊದಲು ಬರುವುದು ಸಂಜೆ ನಾಲ್ಕೂವರೆಯ ನಂತರದ ಖಾಲಿ ಹೊತ್ತು.

ಅಂಗನವಾಡಿಯ ಕಥೆ ಬೇರೆ. ನಮ್ಮೂರಿನ ಮಿಸ್ಸಿಗೆ ನಾಲ್ಕು ವರ್ಷದ ಮಗುವೊಂದು ಊಟದ ಹೊತ್ತಲ್ಲಿ, "ಅವ್ಳ ಪಕ್ಕ ಕೂತ್ಕಬ್ಯಾಡ ಅಂತ ನಮ್ಮವ್ವ ಯೋಳವ್ಳೆ" ಅಂದಿತಂತೆ. ಮಿಸ್ಸು ಗದರಲಿಲ್ಲ. ಇಬ್ಬರ ಕೈಗೂ ತಟ್ಟೆ ಕೊಟ್ಟು ಎಲ್ಲರಿಗೂ ಹಂಚಲು ಕಳಿಸಿದರು, ಸಂಜೆ ಅವ್ವನ ಹತ್ತಿರ ಮಾತಾಡಿದರು. ಅಷ್ಟು ಸಾಕು.

ಇದಕ್ಕಿಂತ ಹೆಚ್ಚು ಮಾಡಲು ಹೋದರೆ ಏನಾಗುತ್ತದೆಂಬುದನ್ನು ಬ್ರಿಟನ್ನಿನಲ್ಲಿ ನೋಡಬಹುದು. ಅಲ್ಲಿ 2015ರ ಜುಲೈಯಿಂದ ಶಾಲೆ, ಶಿಶುವಿಹಾರಗಳೆಲ್ಲ ಮಕ್ಕಳು ಉಗ್ರವಾದದತ್ತ ವಾಲದಂತೆ ಕಾಯಬೇಕೆಂಬ ಕಾನೂನಿದೆ. ಉದ್ದೇಶವೇನೋ ಒಳ್ಳೆಯದೇ. ಆದರೆ ಲೂಟನ್ ಎಂಬ ಊರಿನ ನಾಲ್ಕು ವರ್ಷದ ಮಗು ಸೌತೆಕಾಯಿ ಕೊಯ್ಯುವ ಚಿತ್ರ ಬರೆದು 'ಕ್ಯುಕಂಬರ್' ಎಂದು ತೊದಲಿದ್ದು ಸಿಬ್ಬಂದಿಯ ಕಿವಿಗೆ 'ಕುಕರ್ ಬಾಂಬ್' ಎಂದು ಕೇಳಿಸಿತು. ಮಗುವನ್ನು ತಿದ್ದುವ ಕಾರ್ಯಕ್ರಮಕ್ಕೆ ಕಳಿಸುವ ಮಾತೂ ಬಂತು! ಅನುಮಾನದ ಕಣ್ಣಿಗೆ ಗುರಿಯಾದ ಮಗು ಮನೆಗೆ ಹೋಗಿ ಅಣ್ಣಂದಿರನ್ನೇ ಹುಡುಕುತ್ತದೆ ಎಂಬುದು ನನ್ನ ಭಯ.

ನಮ್ಮಲ್ಲಿ ಕಾನೂನು ಮಗುವಿಗಿಂತ ಮೊದಲು ದೊಡ್ಡವರನ್ನು ಹಿಡಿಯುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 83ನೇ ಕಲಂ ಪ್ರಕಾರ ಹದಿನೆಂಟು ತುಂಬದವರನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸಿಕೊಂಡ ವಯಸ್ಕರಿಗೆ ಏಳು ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂಪಾಯಿ ದಂಡ. ಮೆರವಣಿಗೆಯ ಮುಂಚೂಣಿಗೆ ಹುಡುಗರನ್ನು ನೂಕಿ, ಕಲ್ಲು ಹಿಡಿಸುವವರಿಗೂ ಇದು ತಗಲುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು. ಆದರೆ ಗಲಾಟೆಯಾದ ಮೇಲೆ ಪೊಲೀಸರು ಬಂದಾಗ ಕೈಗೆ ಸಿಗುವುದು ಹುಡುಗರು. ಅಣ್ಣ ಅಷ್ಟರಲ್ಲಿ ಊರು ಬಿಟ್ಟಿರುತ್ತಾನೆ.

ತರಗತಿಯಲ್ಲಿ ನಾನು ಇವನ್ನೆಲ್ಲ ಮುಚ್ಚಿಡುವುದಿಲ್ಲ. ಕೆರಗೋಡಿನ ಗಲಾಟೆಯ ವಾರ, ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧ ಮುರಿದು ಧ್ವಜ ಏರಿಸಿದವರ ಪಾಠವನ್ನೇ ತೆಗೆದೆ. "ಹಂಗಾರೆ ಅವ್ರೂ ಕಾನೂನ್ ಮುರುದ್ರು, ಇವ್ರೂ ಮುರುದ್ರು, ಯತ್ಯಾಸ ಏನ್ ಸಾ?" ಎಂದು ಹಿಂದಿನ ಬೆಂಚು ಕೇಳಿತು. ಸೊಗಸಾದ ಪ್ರಶ್ನೆ. ಎರಡು ಪೀರಿಯಡ್ ಕಿತ್ತಾಡಿದರು. ಯಾರು ಗೆದ್ದರೆಂದು ನಾನು ತೀರ್ಪು ಕೊಡಲಿಲ್ಲ.

ಈಗ ಪಿಇಟಿ ಮೇಷ್ಟ್ರೂ ನಾನೂ ಸೇರಿ, ಗಾರ್ಮೆಂಟ್ಸ್ ಬಸ್ ಬರುವವರೆಗೆ ಶಾಲೆಯ ಮೈದಾನ ತೆರೆದಿಡೋಣವೆಂದು ಎಸ್‌ಡಿಎಂಸಿಗೆ ಅರ್ಜಿ ಕೊಟ್ಟಿದ್ದೇವೆ. ಕಬಡ್ಡಿಗೆ ಹುಡುಗರು ಆಗಲೇ ತಯಾರು. ಲೈಟಿನ ಬಿಲ್ ಯಾರು ಕಟ್ಟಬೇಕು ಎಂಬಲ್ಲಿಗೆ ಮಾತು ನಿಂತಿದೆ.