ರಸ್ತೆ ಅಗೆದಾಗ ಅಂಗಡಿ ಎಲ್ಲಿ ಇಡೋದು?

ನಾವು ನಾರಾಯಣಪುರದವರು. ನಮ್ಮ ಊರಲ್ಲಿ ಚಾಲುಕ್ಯರ ಕಾಲದ ಶಿವನ ಗುಡಿ ಇದೆ. ಪೇಟೆ ಕೆಲಸ ಅಂದ್ರೆ ನಮಗೆ ಬಸವಕಲ್ಯಾಣ. ಅಲ್ಲಿ ರಸ್ತೆ ಬದಿ ಕೂತು ಬಳೆ, ಹಣ್ಣು, ತರಕಾರಿ ಮಾರೋರು ಬಹಳ ಮಂದಿ.

ಬೇಸಿಗೆ ಬಂತು ಅಂದ್ರೆ ಪೇಟೆ ತುಂಬಿ ಹೋಗ್ತದೆ. ಯುಗಾದಿ ಬರ್ತದೆ. ಬಸವ ಜಯಂತಿ ಬರ್ತದೆ. ಮದುವೆಗಳಿಗಂತೂ ಲೆಕ್ಕವೇ ಇಲ್ಲ. ಬಳೆ ಬೇಕು, ಬಟ್ಟೆ ಬೇಕು, ಬಾಸಿಂಗ ಬೇಕು. ಸಣ್ಣ ವ್ಯಾಪಾರಿಗೆ ಇದೇ ದುಡಿಮೆಯ ಕಾಲ. ಜೂನ್ ತಿಂಗಳಲ್ಲಿ ಹೊಲಕ್ಕೆ ಬೀಜ ಬೇಕು, ಮಕ್ಕಳಿಗೆ ಪಾಟಿ-ಪುಸ್ತಕ ಬೇಕು. ಆ ರೊಕ್ಕ ಈಗಲೇ ಕೂಡಿಸಬೇಕು.

ಅದೇ ಹೊತ್ತಿಗೆ ರಸ್ತೆ ಅಗೆಯುವ ಯಂತ್ರವೂ ಬರ್ತದೆ! "ಇವರಿಗೆ ಬೇರೆ ಕಾಲ ಸಿಗಲಿಲ್ಲವೇ?" ಅಂತ ಮಂದಿ ಬೈತಾರೆ.

ಯಾಕೆ ಹೀಗೆ? ನಮ್ಮ ಕಡೆ ಎರೆ ಮಣ್ಣು ಹೆಚ್ಚು. ಅದು ನೀರು ಕುಡಿದರೆ ಉಬ್ಬುತ್ತದೆ. ಒಣಗಿದರೆ ಬಿರುಕು ಬಿಡುತ್ತದೆ. ಅದರ ಮೇಲೆ ಹಾಗೇ ರಸ್ತೆ ಮಾಡಿದರೆ ಒಡೆಯುತ್ತದೆ. ಆದ್ದರಿಂದ ಮೊದಲು ಅಗೆಯಬೇಕು. ಗಟ್ಟಿ ಮಣ್ಣು ತುಂಬಬೇಕು. ಅದರ ಮೇಲೆ ಜಲ್ಲಿ ಹಾಕಿ ರೋಲರ್ ಓಡಿಸಬೇಕು. ಮಣ್ಣು ಕೆಸರಾಗಿದ್ದರೆ ರೋಲರ್ ಏನೂ ಮಾಡದು. ಡಾಂಬರಿಗೂ ನೀರಿಗೂ ಆಗೋದಿಲ್ಲ. ಒದ್ದೆ ಜಲ್ಲಿಗೆ ಡಾಂಬರು ಅಂಟೋದಿಲ್ಲ. ಅದಕ್ಕೇ ಮಳೆ ಬರುವ ಮೊದಲು ಕೆಲಸ ಮುಗಿಸಬೇಕು.

ಇನ್ನೊಂದು ಕಾರಣವೂ ಇದೆ. ಮಾರ್ಚ್ 31ಕ್ಕೆ ಸರಕಾರದ ಲೆಕ್ಕದ ವರ್ಷ ಮುಗೀತದೆ. ಅಷ್ಟರಲ್ಲಿ ಬಂದ ಹಣ ಖರ್ಚಾಗಬೇಕು. ದೀಪಾವಳಿ ಆದ ಮೇಲೂ ಮಳೆ ಇರೋದಿಲ್ಲ, ಆಗಲೇ ಶುರು ಮಾಡಬಹುದಲ್ಲ ಅಂತ ನಮಗೆ ಅನಿಸ್ತದೆ.

ಸಿಮೆಂಟ್ ರಸ್ತೆ ಆದರೆ ಇನ್ನೂ ತಡ. ಸಿಮೆಂಟ್ ಪೂರ್ತಿ ಗಟ್ಟಿಯಾಗಲು ಸುಮಾರು 28 ದಿನ ಬೇಕು. ಅವಸರ ಮಾಡಿ ಗಾಡಿ ಓಡಿಸಿದರೆ ರಸ್ತೆ ಹಾಳು.

ಹಾಗಾದರೆ ರಸ್ತೆ ಬದಿ ಬಳೆ ಮಾರುವ ಅಕ್ಕ ಎಲ್ಲಿಗೆ ಹೋಗಬೇಕು?

ಇದಕ್ಕೆ 2014ರಲ್ಲಿ ಒಂದು ಕಾಯ್ದೆ ಬಂದಿದೆ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಅಂತ ಅದರ ಹೆಸರು. ಪೇಟೆಯಲ್ಲಿ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಹೆಸರು ಬರೆದುಕೊಂಡು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಬರೆದ ಜಾಗದಿಂದ ಏಳಿಸಬೇಕಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಸಾಮಾನು ಎತ್ತಿಕೊಂಡು ಹೋದರೆ ಪಟ್ಟಿ ಬರೆದು ಕೊಡಬೇಕು. ಹಣ್ಣು, ತರಕಾರಿ ಕೆಟ್ಟು ಹೋಗುವ ವಸ್ತು. ಅದನ್ನು ಕೇಳಿದ ದಿನವೇ ಬಿಡಬೇಕು. ಬೇರೆ ಸಾಮಾನನ್ನು ಎರಡು ಕೆಲಸದ ದಿನದೊಳಗೆ ಬಿಡಬೇಕು. ಗೊತ್ತುಮಾಡಿದ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬೇಕು.

ಪಟ್ಟಣ ವ್ಯಾಪಾರ ಸಮಿತಿ ಅಂತಲೂ ಇರಬೇಕು. ಅದರಲ್ಲಿ 100ಕ್ಕೆ 40 ಮಂದಿಯಾದರೂ ವ್ಯಾಪಾರಿಗಳೇ. ಆ ವ್ಯಾಪಾರಿಗಳಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು.

ನೋಟಿಸ್ ಬಂದರೆ ಮೊದಲು ತಾರೀಖು ಓದಿ. ಜಾಗದ ಹೆಸರು ಓದಿ. ಹಬ್ಬ ಮುಗಿಯೋವರೆಗೆ ಬೇರೆ ಜಾಗ ಬೇಕಿದ್ದರೆ ಅರ್ಜಿ ಬರೆಯಿರಿ. ಎರಡು ಪ್ರತಿ ಮಾಡಿ. ಒಂದನ್ನು ನಗರಸಭೆಗೋ ಪುರಸಭೆಗೋ ಕೊಡಿ. ಇನ್ನೊಂದರ ಮೇಲೆ ಠಸ್ಸೆ ಹಾಕಿಸಿಕೊಂಡು ಮನೆಗೆ ತನ್ನಿ.