ಮೌಸಿಗೆ ಇಬ್ಬರು ಯಜಮಾನರು

ಗಣಕಯಂತ್ರದ ಪರದೆಯೆಂದೊಡನೆ ಬಣ್ಣದ ಚಿತ್ರಗಳು ನಮ್ಮ ಕಣ್ಣಮುಂದೆ ಬರುತ್ತವೆ. ಆದರೆ ಅಕ್ಷರಗಳಲ್ಲಿಯೇ ಆಜ್ಞೆಯನ್ನು ಪಡೆದು ಅಕ್ಷರಗಳಲ್ಲಿಯೇ ಉತ್ತರವೀಯುವ ಪರದೆಯೊಂದುಂಟು. ಅದಕ್ಕೆ ಟರ್ಮಿನಲ್ ಎಂದು ಹೆಸರು. ಲಿನಕ್ಸ್ ವ್ಯವಸ್ಥೆಯನ್ನು ನೋಡಿಕೊಳ್ಳುವವರಿಗೆ ಇಂದಿಗೂ ಅದು ನಿತ್ಯದ ಸಾಧನ. ಅಲ್ಲಿ ಒಂದು ಸಾಲನ್ನು ನಕಲು ಮಾಡಲೆಂದು ಹೊಸಬನು ಕಂಟ್ರೋಲ್ ಕೀಲಿಯೊಡನೆ 'ಸಿ' ಕೀಲಿಯನ್ನು ಒತ್ತಿದರೆ ನಕಲಾಗುವುದಿಲ್ಲ. ನಡೆಯುತ್ತಿದ್ದ ಕೆಲಸವೇ ನಿಂತುಹೋಗುತ್ತದೆ! ಆ ಜೋಡಿ ಕೀಲಿಗಳು ಯಂತ್ರಕ್ಕೆ ಕಳುಹಿಸುವುದು 3 ಎಂಬ ಸಂಕೇತವನ್ನು. ಅಲ್ಲಿ ಅದರ ಅರ್ಥ 'ನಿಲ್ಲಿಸು' ಎಂದು. ಆದುದರಿಂದಲೇ ಅನೇಕ ಟರ್ಮಿನಲ್ಲುಗಳಲ್ಲಿ ನಕಲಿಗಾಗಿ ಶಿಫ್ಟ್ ಕೀಲಿಯನ್ನೂ ಕೂಡಿಸಿ ಒತ್ತಬೇಕು.

ಮೌಸಿನ ಕಥೆ ಇನ್ನೂ ಸ್ವಾರಸ್ಯಕರವಾದುದು. ಅದಕ್ಕೆ ಇಬ್ಬರು ಯಜಮಾನರು. ಸಾಮಾನ್ಯವಾಗಿ ಗುಂಡಿಯನ್ನು ಒತ್ತಿ ಎಳೆದಾಗ ಟರ್ಮಿನಲ್ ತಾನೇ ಆ ಅಕ್ಷರಗಳನ್ನು ಆರಿಸಿಕೊಳ್ಳುತ್ತದೆ. ಆದರೆ ಒಳಗೆ ನಡೆಯುವ ಪ್ರೋಗ್ರಾಂ ಒಂದು ಸಂಕೇತವನ್ನು ಕಳುಹಿಸಿ, 'ಮೌಸಿನ ಸುದ್ದಿ ನನಗಿರಲಿ' ಎಂದು ಕೇಳಿಕೊಳ್ಳಬಹುದು. ಆಗ ಟರ್ಮಿನಲ್ ಆಯ್ಕೆಯ ಕೆಲಸವನ್ನು ಬಿಟ್ಟು, ಗುಂಡಿ ಒತ್ತಿದ್ದು ಎಷ್ಟನೆಯ ಸಾಲಿನ ಎಷ್ಟನೆಯ ಅಂಕಣದಲ್ಲಿ ಎಂಬುದನ್ನು ಪ್ರೋಗ್ರಾಮಿಗೆ ವರದಿ ಮಾಡುತ್ತದೆ.

ಬರೆಹವನ್ನು ತಿದ್ದುವ ವಿಮ್ ಎಂಬ ಪ್ರೋಗ್ರಾಂ, 2016ರಲ್ಲಿ ಬಂದ ತನ್ನ 8.0ನೆಯ ಆವೃತ್ತಿಯಲ್ಲಿ, ಸ್ವಂತ ಏರ್ಪಾಡನ್ನು ಬರೆದಿಡದವರಿಗೆ ಹೀಗೆ ಮೌಸನ್ನು ತಾನೇ ವಹಿಸಿಕೊಳ್ಳತೊಡಗಿತು. ಹೊಸಬರಿಗೆ ಇದರಿಂದ ಅನುಕೂಲವಾಯಿತು. ಆದರೆ ಪರದೆಯಿಂದ ಸಾಲನ್ನು ಎತ್ತಿ ಬೇರೆ ಕಿಟಕಿಯಲ್ಲಿ ಅಂಟಿಸುತ್ತಿದ್ದ ಹಳಬರ ಅಭ್ಯಾಸ ತಪ್ಪಿತು. ಪರಿಹಾರ ಸುಲಭ: ಹೆಚ್ಚಿನ ಟರ್ಮಿನಲ್ಲುಗಳಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಎಳೆದರೆ ಮೌಸು ಮತ್ತೆ ಟರ್ಮಿನಲ್ಲಿನ ವಶಕ್ಕೆ ಬರುತ್ತದೆ.

ಅಂಟಿಸುವುದರಲ್ಲಿ ಅಪಾಯವೂ ಉಂಟು. ಅಂಟಿಸಿದ ಅಕ್ಷರಕ್ಕೂ ಬೆರಳಿನಿಂದ ಒತ್ತಿದ ಅಕ್ಷರಕ್ಕೂ ಯಂತ್ರವು ತಾನಾಗಿ ಭೇದವೆಣಿಸದು. ಎಲ್ಲಿಂದಲೋ ತಂದ ಬರೆಹದ ಕೊನೆಯಲ್ಲಿ ಸಾಲು ಮುಗಿಸುವ ಸಂಕೇತವೊಂದಿದ್ದರೆ, ನಾವು ಓದಿನೋಡುವುದರೊಳಗಾಗಿ ಆಜ್ಞೆ ನೆರವೇರಿಬಿಡುತ್ತದೆ. ಅದು ಕಡತಗಳನ್ನು ಅಳಿಸುವ ಆಜ್ಞೆಯಾಗಿದ್ದರೆ ಗತಿಯೇನು? ಇದಕ್ಕಾಗಿ ಅಂಟಿಸಿದ ಭಾಗದ ಹಿಂದೆ ಮುಂದೆ ಟರ್ಮಿನಲ್ ಬೇಲಿಯಂತೆ ಎರಡು ಗುರುತುಗಳನ್ನಿಡುವ ಉಪಾಯವನ್ನು ಕಂಡುಕೊಂಡಿದ್ದಾರೆ. ಆಜ್ಞೆಗಳನ್ನು ನಡೆಸುವ ಬ್ಯಾಶ್ ಎಂಬ ಪ್ರೋಗ್ರಾಂ, 2020ರ 5.1ನೆಯ ಆವೃತ್ತಿಯಿಂದ ಈ ಗುರುತುಗಳನ್ನು ತಾನಾಗಿಯೇ ಕೇಳಿ ಪಡೆಯುತ್ತದೆ; ಬೇಲಿಯೊಳಗಿನ ಬರೆಹವನ್ನು ನಾವು ಎಂಟರ್ ಒತ್ತುವವರೆಗೆ ತಡೆದಿಡುತ್ತದೆ.

ನಾವು ಕೇಳದೆಯೇ ಯಂತ್ರದಲ್ಲಿ ಮೊದಲೇ ಗೊತ್ತುಪಡಿಸಿದ ಏರ್ಪಾಡುಗಳು ಕ್ಷುಲ್ಲಕವೆಂದು ತೋರಬಹುದು. ಆದರೆ ಬಹುಮಂದಿ ಅವುಗಳನ್ನು ಎಂದಿಗೂ ಬದಲಿಸುವುದಿಲ್ಲ. ಅಂಥವರ ಅನುಕೂಲವೂ ಸುರಕ್ಷತೆಯೂ ನಿಂತಿರುವುದು ಅವುಗಳ ಮೇಲೆಯೇ.